ಕಾರ್ನೆಲ್ 77: 3 ಸಿಡಿಯೋ, 11 ಸಿಡಿಯ ಪೆಟ್ಟಿಗೆಯೋ, ಎಲ್‌ಪಿಯೋ?

ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಕಛೇರಿ ಕೈಗೆ ಸಿಗಬೇಕೆಂದರೆ ನಾಲ್ಕು ದಾರಿಗಳಿವೆ. ಬರೀ ಆ ರಾತ್ರಿಯ 3 ಸಿಡಿ, ಅದೇ ವಾರದ ಇನ್ನೂ ಮೂರು ಕಛೇರಿ ಸೇರಿಸಿದ 11 ಸಿಡಿಯ ಪೆಟ್ಟಿಗೆ, 5 ಎಲ್‌ಪಿ (ಗ್ರಾಮಫೋನ್ ತಟ್ಟೆ), ಇಲ್ಲವೇ ಕಾಸು ಬಿಚ್ಚದೆ ನೆಟ್‌ನಲ್ಲಿ ಕೇಳುವುದು. ನನ್ನ ಓಟು 3 ಸಿಡಿಗೆ. ಆದರೆ ಡಬ್ಬಿ ಒಡೆದು ಹಾಗೇ ಎಂಪಿ3 ಮಾಡಿ ಕಾರಿಗೆ ಹಾಕಿದರೆ ಅದರ ಅರ್ಧ ಮಜಾ ಹಾಳು. ಅದನ್ನು ಆಮೇಲೆ ಹೇಳುತ್ತೇನೆ.

ಧ್ವನಿಯ ವಿಷಯದಲ್ಲಿ ಎರಡು ಸಿಡಿ ಆವೃತ್ತಿಗಳ ನಡುವೆ ಆರಿಸುವುದಕ್ಕೇನಿಲ್ಲ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ತಂಡದ ಧ್ವನಿಮುದ್ರಣ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮುದ್ರಿಸಿದ ಟೇಪೇ ಎರಡಕ್ಕೂ ಮೂಲ. ವರ್ಷಗಟ್ಟಲೆ ನಕಲಿನ ನಕಲಾಗಿ ಕೈಯಿಂದ ಕೈಗೆ ಹರಿದಾಡಿದ ಈ ಕಛೇರಿ ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ, 40 ವರ್ಷ ತುಂಬಿದಾಗ. ಟೇಪ್ ಓಡುವಾಗಿನ ವೇಗದ ಏರುಪೇರನ್ನು ಪ್ಲಾಂಜೆಂಟ್ ಎಂಬ ವಿಧಾನದಿಂದ ತಿದ್ದಿದ್ದಾರೆ. ಮುದ್ರಿಸುವಾಗ ಟೇಪ್ ಮೇಲೆ ಉಳಿದುಹೋದ, ಕಿವಿಗೆ ಕೇಳಿಸದಷ್ಟು ಮೇಲಿನ ಬಯಾಸ್ ಆವರ್ತನವನ್ನು ಹೆಕ್ಕಿ, ಅದನ್ನೇ ಗಡಿಯಾರದಂತೆ ಬಳಸುವ ಉಪಾಯ ಅದು. ಇದರ ಫಲ ಪಿಯಾನೋದ ಉದ್ದನೆಯ ಸ್ವರಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಹಳೆಯ ನಕಲುಗಳಲ್ಲಿ ಅವು ಸಣ್ಣಗೆ ಅಲುಗಾಡುತ್ತವೆ, ಇಲ್ಲಿ ನೆಟ್ಟಗೆ ನಿಲ್ಲುತ್ತವೆ.

ಈಗ ತಲೆನೋವಿನ ಮಾತು. ಇಂಥ ಜಾಮ್ ಬ್ಯಾಂಡ್‌ಗಳು, ಅಂದರೆ ವೇದಿಕೆಯಲ್ಲೇ ಮನೋಧರ್ಮದಿಂದ ಹಾಡು ಬೆಳೆಸುವ ತಂಡಗಳು, ಒಂದು ಹಾಡನ್ನು ನಿಲ್ಲಿಸದೆ ಇನ್ನೊಂದಕ್ಕೆ ಜಾರುತ್ತವೆ. ಕೇಳುಗರು ಪಟ್ಟಿಯಲ್ಲಿ ಎರಡು ಹೆಸರುಗಳ ನಡುವೆ ಬಾಣದ ಗುರುತು ಹಾಕುವುದು ಅದಕ್ಕೇ. ಕಾರ್ನೆಲ್ ಕಛೇರಿಯ ಜೀವ ಇರುವುದೇ ಅಂಥ ಎರಡು ಕಡೆ. ಒಂದು, ಸ್ಕಾರ್ಲೆಟ್ ಬಿಗೋನಿಯಾಸ್‌ನಿಂದ ಫೈರ್ ಆನ್ ದ ಮೌಂಟನ್‌ಗೆ ಹೋಗುವ ಜಾಗ. ಇನ್ನೊಂದು, ಸೇಂಟ್ ಸ್ಟೀಫನ್‌ನಿಂದ ಹೊರಟು ನಾಟ್ ಫೇಡ್ ಅವೇ ಸುತ್ತಿ, ಮತ್ತೆ ಸೇಂಟ್ ಸ್ಟೀಫನ್‌ಗೆ ಬಂದು ಮಾರ್ನಿಂಗ್ ಡ್ಯೂನಲ್ಲಿ ಇಳಿಯುವ ಸರಣಿ. ಸಿಡಿ ಪ್ಲೇಯರ್‌ನಲ್ಲಿ ಎರಡೂ ಅಖಂಡ. ಟ್ರ್ಯಾಕ್ ಸಂಖ್ಯೆ ಬದಲಾದದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಅದನ್ನೇ ಎಂಪಿ3 ಮಾಡಿ ಪೆನ್‌ಡ್ರೈವ್‌ಗೆ ಹಾಕಿ ನೋಡಿ: ಸರಿಯಾಗಿ ಜಾರುವ ಕ್ಷಣದಲ್ಲೇ ಒಂದು ಬಿಕ್ಕಳಿಕೆ. ತಾನ ಮುಗಿದು ಪಲ್ಲವಿ ಎತ್ತಿಕೊಳ್ಳುವ ಹೊತ್ತಿಗೆ ಮೈಕ್ ಕೈಕೊಟ್ಟ ಹಾಗೆ.

ತಪ್ಪು ಡಿಸ್ಕ್‌ನದಲ್ಲ. ಎಂಪಿ3 ಶಬ್ದವನ್ನು ಚೌಕಟ್ಟು ಎಂಬ ತುಣುಕುಗಳಾಗಿ ಕತ್ತರಿಸುತ್ತದೆ. ಒಂದೊಂದಕ್ಕೆ 1152 ಸ್ಯಾಂಪಲ್ (ಶಬ್ದದ ಅಳತೆ), ಅಂದರೆ ಸುಮಾರು 26 ಮಿಲಿಸೆಕೆಂಡ್. ಹಾಡಿನ ಉದ್ದ ಅದಕ್ಕೆ ಸರಿಯಾಗಿ ಭಾಗವಾಗದಿದ್ದರೆ ಕೊನೆಯ ಚೌಕಟ್ಟನ್ನು ಮೌನದಿಂದ ತುಂಬುತ್ತಾರೆ. ಶುರುವಿನಲ್ಲೂ ಎನ್‌ಕೋಡರ್, ಅಂದರೆ ಎಂಪಿ3 ಮಾಡುವ ತಂತ್ರಾಂಶ, ಸ್ವಲ್ಪ ಮೌನ ಸೇರಿಸುತ್ತದೆ. ಎಷ್ಟು ಸೇರಿತು ಎಂಬುದನ್ನು ಲೇಮ್ ಎನ್‌ಕೋಡರ್ ಫೈಲಿನ ತಲೆಯಲ್ಲೇ ಬರೆದಿಡುತ್ತದೆ. ಒಳ್ಳೆಯ ಪ್ಲೇಯರ್ ಅದನ್ನು ಓದಿ ಕತ್ತರಿಸುತ್ತದೆ, ಅಗ್ಗದ ಕಾರ್ ಸ್ಟೀರಿಯೊ ಓದುವುದಿಲ್ಲ.

ಹಾಗಾದರೆ ಶಬ್ದದಲ್ಲಿ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿದರಾಯಿತಲ್ಲ? ಅರ್ಧ ಮಾತ್ರ ಸರಿ. ಫ್ಲ್ಯಾಕ್ ಮೌನ ಸೇರಿಸುವುದಿಲ್ಲ, ನಿಜ. ಆದರೆ ಒಂದು ಫೈಲ್ ಮುಚ್ಚಿ ಇನ್ನೊಂದನ್ನು ತೆರೆಯಲು ಸ್ಟೀರಿಯೊ ತಾನೇ ತಡವರಿಸಿದರೆ ಯಾವ ಫಾರ್ಮ್ಯಾಟ್ ಆದರೂ ಅಷ್ಟೇ. ಆದ್ದರಿಂದ ಜಾರುವ ಹಾಡುಗಳನ್ನು ಒಂದೇ ಫೈಲಾಗಿ ಹೊಲಿಯಬೇಕು. ಮೊದಲು ಸಿಡಿಯಿಂದ ಎಲ್ಲವನ್ನೂ ಕಂಪ್ಯೂಟರಿಗೆ ಫ್ಲ್ಯಾಕ್ ಆಗಿ ಇಳಿಸಿಕೊಳ್ಳಿ (ರಿಪ್ ಮಾಡಿ). ಫೂಬಾರ್2000 ಎಂಬ ಕಂಪ್ಯೂಟರ್ ಪ್ಲೇಯರ್‌ನಲ್ಲಿ ಸ್ಕಾರ್ಲೆಟ್ ಮತ್ತು ಫೈರ್ ಎರಡನ್ನೂ ಆರಿಸಿ ಕನ್ವರ್ಟ್‌ಗೆ ಹೋಗಿ, ಎಲ್ಲ ಟ್ರ್ಯಾಕ್‌ಗಳನ್ನು ಒಂದೇ ಫೈಲಿಗೆ ಸೇರಿಸುವ ಆಯ್ಕೆ ಒತ್ತಿ. ಎಂಪಿ3 ಬೇಕಿದ್ದರೆ ಸೇರಿಸಿದ ಮೇಲೆ ಮಾಡಿ, ಮೊದಲೇ ಮಾಡಿ ಆಮೇಲೆ ಸೇರಿಸಬೇಡಿ; ಸೇರಿದ್ದ ಮೌನ ಹೊಲಿಗೆಯೊಳಗೇ ಉಳಿದುಹೋಗಬಹುದು. 320 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ 2.4 ಎಂಬಿ ಲೆಕ್ಕ, ಈ ಜೋಡಿಗೆ 70 ಎಂಬಿ ಸಾಕು.

ಇನ್ನೂ ಒಂದು ಕೊಕ್ಕೆ ಇದೆ. ಹಾಡುಗಳ ಶಬ್ದವನ್ನು ಒಂದೇ ಮಟ್ಟಕ್ಕೆ ತರುವ ರೀಪ್ಲೇಗೇನ್ ಒಂದೊಂದು ಹಾಡಿನ ಲೆಕ್ಕದಲ್ಲಿದ್ದರೆ ಜಾರುವ ಜಾಗದಲ್ಲಿ ಶಬ್ದ ದಿಢೀರನೆ ಏರುತ್ತದೆ ಅಥವಾ ತಗ್ಗುತ್ತದೆ. ಆಲ್ಬಂ ಲೆಕ್ಕಕ್ಕೆ ಬದಲಿಸಿ.

ಅಂದಹಾಗೆ, ಫೈರ್ ಆನ್ ದ ಮೌಂಟನ್‌ನ ಮೂಲ ನಮಗೆ ತೀರಾ ದೂರದ್ದಲ್ಲ. ಈ ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್ ಅವರು ಜಾಕಿರ್ ಹುಸೇನ್ ಮೊದಲಾದವರೊಂದಿಗೆ ಕಟ್ಟಿದ ದಿಗಾ ರಿದಮ್ ಬ್ಯಾಂಡ್‌ನ 1976ರ ಆಲ್ಬಂನಲ್ಲಿ ಇದೇ ಧಾಟಿ ಹಾಡಿಲ್ಲದೆ, ಬರೀ ವಾದ್ಯದಲ್ಲಿ ಇದೆ.

11 ಸಿಡಿಯ ಪೆಟ್ಟಿಗೆಯಲ್ಲಿ ಮೇ 5ರ ನ್ಯೂ ಹೇವನ್, 7ರ ಬಾಸ್ಟನ್, 8ರ ಕಾರ್ನೆಲ್, 9ರ ಬಫಲೊ ಇವೆ, ಜತೆಗೊಂದು ಪುಸ್ತಕ. 15,000 ಪ್ರತಿಗಳ ಮಿತಿಯಲ್ಲಿ ಬಂದದ್ದು, ಈಗ ಸೆಕೆಂಡ್‌ಹ್ಯಾಂಡ್‌ನಲ್ಲೇ ಹುಡುಕಬೇಕು. ಹಾಡುಗಳು ಒಂದು ರಾತ್ರಿಯಿಂದ ಇನ್ನೊಂದಕ್ಕೆ ಹೇಗೆ ಬದಲಾದವು ಎಂದು ಕೂತು ಹೋಲಿಸುವ ಚಟ ಇರುವವರಿಗೆ ಇದು ಹಬ್ಬ. ದಿನಕ್ಕೆ ಮುಕ್ಕಾಲು ಗಂಟೆ ಬಸ್ಸಿನಲ್ಲೋ ಕಾರಿನಲ್ಲೋ ಕೇಳುವವರಿಗೆ ಎಂಟು ಡಿಸ್ಕ್ ಕಪಾಟಿನಲ್ಲೇ ಕೂರುತ್ತವೆ.

ಎಲ್‌ಪಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಬದಿಗೆ 20-22 ನಿಮಿಷ ಹಿತ. ಅದಕ್ಕಿಂತ ಹಿಗ್ಗಿಸಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆದು ಶಬ್ದ ತಗ್ಗಿಸಬೇಕಾಗುತ್ತದೆ. ಸೇಂಟ್ ಸ್ಟೀಫನ್ ಸರಣಿಯೋ ಅರ್ಧ ಗಂಟೆ ಮೀರುತ್ತದೆ, ಎದ್ದು ತಟ್ಟೆ ಮಗುಚದೆ ಗತಿಯಿಲ್ಲ. ಪ್ಲಾಂಜೆಂಟ್ ತಿದ್ದುಪಡಿ ನಡೆಯುವುದೇ ಡಿಜಿಟಲ್‌ನಲ್ಲಿ, ಹಾಗಾಗಿ ಶುದ್ಧ ಅನಲಾಗ್ ಎಂಬ ವಾದವೂ ಇಲ್ಲಿ ನಡೆಯದು. ವಿದೇಶದಿಂದ ತರಿಸಿದರೆ ತೂಕದ ಸಾಗಣೆ, ಮೇಲೆ ಸುಂಕ.

ನೆಟ್‌ನಲ್ಲಾದರೆ ಕ್ರಾಸ್‌ಫೇಡ್ ಸೊನ್ನೆಗಿಳಿಸಿ. ಇಲ್ಲದಿದ್ದರೆ ಮೊದಲೇ ಕೂಡಿಕೊಂಡ ಸಂಗೀತವನ್ನು ಆ್ಯಪ್ ಮತ್ತೆ ಒಂದರ ಮೇಲೊಂದು ಹೇರಿ ತಾಳ ಕೆಡಿಸುತ್ತದೆ. ಉಚಿತ ಖಾತೆ ಬೇಡವೇ ಬೇಡ. ಸ್ಕಾರ್ಲೆಟ್ ಮುಗಿದ ಕೂಡಲೇ ಜಾಹೀರಾತು ಬಂದರೆ ಯಾರನ್ನು ಬೈಯುವುದು? ಇಂಟರ್‌ನೆಟ್ ಆರ್ಕೈವ್‌ನಲ್ಲಿ ಈ ತಂಡದ ಕಛೇರಿಗಳಿಗೆ ಬರವಿಲ್ಲ. ಪ್ರೇಕ್ಷಕರು ಮುದ್ರಿಸಿದ್ದನ್ನು ಇಳಿಸಿಕೊಳ್ಳಬಹುದು, ತಂಡದ ಸೌಂಡ್‌ಬೋರ್ಡ್‌ನಿಂದ ನೇರವಾಗಿ ಮುದ್ರಿಸಿದ್ದನ್ನು ಅಲ್ಲೇ ಕೇಳಬೇಕು.

3 ಸಿಡಿ ಕೊಂಡು, ಹೊಲಿದು, ತಿಂಗಳು ಕೇಳಿದ ಮೇಲೂ ಇನ್ನಷ್ಟು ಬೇಕೆನಿಸಿದರೆ ಮೊದಲು ಬಫಲೊ ರಾತ್ರಿಯನ್ನು ನೆಟ್‌ನಲ್ಲಿ ಹಚ್ಚಿ. ಅದು ಶುರುವಾಗುವುದೇ ಹೆಲ್ಪ್ ಆನ್ ದ ವೇ, ಸ್ಲಿಪ್‌ನಾಟ್, ಫ್ರಾಂಕ್ಲಿನ್ಸ್ ಟವರ್ ಎಂಬ ಮೂರು ಹಾಡುಗಳ ಸರಪಳಿಯಿಂದ. ಅದು ಹಿಡಿಸಿದರೆ ಆಗ ಪೆಟ್ಟಿಗೆಯ ಬೆಲೆ ವಿಚಾರಿಸಿ. ಹಣ ಕೊಡುವ ಮುಂಚೆ 11 ಡಿಸ್ಕ್‌ಗಳ ಕೆಳಬದಿಯ ಫೋಟೊ ಕೇಳಿ ತರಿಸಿಕೊಳ್ಳಿ.