ಪುಕ್ಕಟೆ ಎಕ್ಸೆಲ್ ಸಹಾಯ: ನ್ಯೂಸ್‌ಗ್ರೂಪ್ ಹೋಗಿ ಫೋರಂ ಬಂದ ಮೇಲೆ ಹೇಗಿದೆ?

ಪೀಣ್ಯದಲ್ಲಿ ಅಕೌಂಟ್ಸ್ ನೋಡುವವರ ಕೆಲಸ ಟ್ಯಾಲಿಯಲ್ಲಿ ಶುರುವಾದರೂ ಮುಗಿಯುವುದು ಎಕ್ಸೆಲ್‌ನಲ್ಲೇ. ಸಂಬಳದ ಶೀಟ್, ಓಟಿ, ಸ್ಟಾಕ್, ಈಗ ಜಿಎಸ್‌ಟಿ ಬಿಲ್‌ಗಳನ್ನು ತಾಳೆ ನೋಡುವುದು, ಎಲ್ಲವೂ ಅಲ್ಲಿಗೇ ಬಂದು ಬೀಳುತ್ತದೆ. ಅದು ಕೈಕೊಟ್ಟರೆ ಯಾರನ್ನು ಕೇಳುವುದು? ಹಾರ್ಡ್‌ವೇರ್ ಕೆಟ್ಟರೆ ಎಸ್‌ಪಿ ರೋಡ್ ಇದೆ. ರಿಟರ್ನ್ ಹಾಕುವ ಹಿಂದಿನ ರಾತ್ರಿ ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕುವ ವಿಲುಕಪ್ ಫಾರ್ಮುಲಾ ಯಾಕೆ ಎನ್‌ಎ, ಅಂದರೆ ಸಿಗಲಿಲ್ಲ, ಅಂತಿದೆ ಅಂದರೆ ಯಾವ ರೋಡಿಗೆ ಹೋಗೋಣ? ಹಾಗಾಗಿ ನನ್ನಂಥವರು ಶುರುವಿಂದಲೂ ನಂಬಿಕೊಂಡಿರುವುದು ಇಂಟರ್ನೆಟ್‌ನಲ್ಲಿ ಪುಕ್ಕಟೆ ಉತ್ತರ ಕೊಡುವ ಜನರನ್ನು. ದುಡ್ಡು ಕೊಡದ ಸರ್ವೀಸ್‌ಗೂ ಒಂದು ರಿವ್ಯೂ ಬೇಕಲ್ವಾ, ಇದು ಅದು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಯೂಸ್‌ನೆಟ್ ಅನ್ನುವುದು ವಿಷಯಕ್ಕೊಂದು ನ್ಯೂಸ್‌ಗ್ರೂಪ್, ಅಂದರೆ ಚರ್ಚೆಯ ಗುಂಪು, ಇರುವ ಮೆಸೇಜ್‌ಗಳ ಜಾಲ. ವೆಬ್‌ಗಿಂತ ಹಳೆಯದು, 1979ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಇಬ್ಬರು ವಿದ್ಯಾರ್ಥಿಗಳ ತಲೆಯಲ್ಲಿ ಹುಟ್ಟಿದ್ದು. ಅದೇ ಮಾದರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ವರ್‌ನಲ್ಲಿ ನ್ಯೂಸ್‌ಗ್ರೂಪ್‌ಗಳನ್ನು ಇಟ್ಟಿತ್ತು. ಎಕ್ಸೆಲ್‌ಗೇ ಹಲವು ಗ್ರೂಪ್, ಫಾರ್ಮುಲಾಗೆ ಬೇರೆ, ಮ್ಯಾಕ್ರೋಗೆ ಬೇರೆ. ಬ್ರೌಸರ್ ಬೇಕಿರಲಿಲ್ಲ, ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಸಾಫ್ಟ್‌ವೇರ್ ಔಟ್‌ಲುಕ್ ಎಕ್ಸ್‌ಪ್ರೆಸ್ ಸಾಕಿತ್ತು. ಡಯಲಪ್ ಕಾಲದಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂತ ಈಗಿನವರಿಗೆ ಹೇಳಿದರೆ ನಗುತ್ತಾರೆ. ಮೋಡೆಂ ಕಿರುಚಿ ಕನೆಕ್ಟ್ ಆದ ಮೇಲೆ ಹೊಸ ಮೆಸೇಜ್‌ಗಳನ್ನೆಲ್ಲ ಒಂದೇ ಸಲ ಇಳಿಸಿಕೊಂಡು, ಲೈನ್ ಕಟ್ ಮಾಡಿ, ಆಮೇಲೆ ನಿಧಾನವಾಗಿ ಓದುವುದು, ಉತ್ತರ ಬರೆದಿಟ್ಟು ಮುಂದಿನ ಸಲ ಕನೆಕ್ಟ್ ಆದಾಗ ಕಳಿಸುವುದು. ಫೋನ್ ಬಿಲ್ಲೂ ಉಳಿಯುತ್ತಿತ್ತು, ಮನೆಯವರಿಗೆ ಫೋನೂ ಸಿಗುತ್ತಿತ್ತು.

ಉತ್ತರ ಕೊಡುತ್ತಿದ್ದವರು ಕಂಪನಿಯ ನೌಕರರಲ್ಲ. ಬೇರೆ ಬೇರೆ ದೇಶದ ಅಕೌಂಟೆಂಟ್‌ಗಳು, ಎಂಜಿನಿಯರ್‌ಗಳು, ರಿಟೈರ್ ಆದವರು. ಇಂಥವರನ್ನು ಗುರುತಿಸಲು ಮೈಕ್ರೋಸಾಫ್ಟ್ 1993ರಿಂದ ಎಂವಿಪಿ (ಮೋಸ್ಟ್ ವ್ಯಾಲ್ಯುಯೆಬಲ್ ಪ್ರೊಫೆಷನಲ್) ಅಂತ ಒಂದು ಗೌರವ ಕೊಡುತ್ತಿದೆ. ಸಂಬಳ ಇಲ್ಲ, ಬಿರುದು ಕೂಡ ಒಂದೇ ವರ್ಷಕ್ಕೆ, ಮುಂದಿನ ವರ್ಷ ಮತ್ತೆ ನೋಡಿ ಕೊಡುತ್ತಾರೆ. ಆ ಮೂರಕ್ಷರ ನೋಡಿ ಇವರೇ ಕಂಪನಿ ಅಂದುಕೊಂಡು ಬೈಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ, ಪಾಪ.

ಉತ್ತರಗಳ ಗುಣಮಟ್ಟ ಹೇಗಿತ್ತು? ಒಂದು ಉದಾಹರಣೆ. ಎಕ್ಸೆಲ್ 2003ರಲ್ಲಿ ಎರಡು ಷರತ್ತು ಹಾಕಿ ಮೊತ್ತ ತೆಗೆಯಲು ನೇರ ದಾರಿ ಇರಲಿಲ್ಲ. ಪ್ರೆಸ್ ಶಾಪ್‌ನವರ ಜೂನ್ ತಿಂಗಳ ಓಟಿ ಎಷ್ಟು? ಸಮ್‌ಇಫ್‌ಗೆ ಒಂದೇ ಷರತ್ತು ಗೊತ್ತು. ಎರಡನ್ನೂ ನಿಭಾಯಿಸುವ ಸಮ್‌ಇಫ್ಸ್ ಬಂದಿದ್ದು 2007ರಲ್ಲಿ. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು ಸಮ್‌ಪ್ರಾಡಕ್ಟ್. ಅದು ಇದ್ದಿದ್ದು ಎರಡು ಕಾಲಂ ಗುಣಿಸಿ ಕೂಡಿಸಲಿಕ್ಕೆ. ಅದರೊಳಗೆ ಷರತ್ತು ಹಾಕಿ, ಮುಂದೆ ಎರಡು ಮೈನಸ್ ಚಿಹ್ನೆ ಇಟ್ಟರೆ ಸರಿ, ತಪ್ಪು ಅನ್ನುವ ಉತ್ತರಗಳು 1, 0 ಆಗುತ್ತವೆ, ಲೆಕ್ಕ ತಾನೇ ಬರುತ್ತದೆ. ಈ ಉಪಾಯ ಊರೆಲ್ಲ ಹರಡಿದ್ದು ನ್ಯೂಸ್‌ಗ್ರೂಪಿನವರಿಂದಲೇ. ಒಬ್ಬರು ಫಾರ್ಮುಲಾ ಕೊಟ್ಟರೆ ಇನ್ನೊಬ್ಬರು ಬಂದು ಇದಕ್ಕಿಂತ ಚಿಕ್ಕದು ಇದೆ ಅನ್ನುತ್ತಿದ್ದರು. ಮೂರನೆಯವರು, ಮಧ್ಯೆ ಒಂದು ಸೆಲ್‌ನಲ್ಲಿ ಅಂಕಿ ಬದಲು ಅಕ್ಷರ ಇದ್ದರೆ ಏನಾಗುತ್ತದೆ ನೋಡಿದ್ದೀರಾ ಅಂತ ಕಾಲೆಳೆಯುತ್ತಿದ್ದರು. ಕೇಳಿದವನಿಗೆ ಲಾಭವೋ ಲಾಭ.

ಲಕ್ಷ, ಕೋಟಿಗೆ ಕಾಮಾ ಹಾಕುವುದು ಮಾತ್ರ ನಮ್ಮದೇ ಗೋಳು. 12,34,567 ಅಂತ ತೋರಿಸಲು ಸೆಲ್ ಫಾರ್ಮ್ಯಾಟ್‌ನಲ್ಲಿ ಕೋಟಿಗೊಂದು, ಲಕ್ಷಕ್ಕೊಂದು ಷರತ್ತು ಬರೆಯುವ ಉಪಾಯ ಸುತ್ತಾಡುತ್ತಲೇ ಇದೆ. ಆದರೆ ಒಂದು ಫಾರ್ಮ್ಯಾಟ್‌ನಲ್ಲಿ ಎರಡೇ ಷರತ್ತು ಹಿಡಿಸುವುದು. ಅದಕ್ಕೇ ನಷ್ಟದ ಅಂಕಿ, ಅಂದರೆ ಮೈನಸ್, ಮತ್ತೆ ಇಂಗ್ಲಿಷ್‌ನವರ ಕಾಮಾಗೆ ಜಾರುತ್ತದೆ. ವಿಂಡೋಸ್‌ನ ರೀಜನ್ ಸೆಟಿಂಗನ್ನು ಇಂಡಿಯಾ ಮಾಡಿಕೊಂಡರೆ ಸರಿಹೋಗುತ್ತದೆ, ಆದರೆ ಅದೇ ಫೈಲನ್ನು ಬೇರೆ ಸೆಟಿಂಗ್ ಇರುವ ಕಂಪ್ಯೂಟರ್‌ನಲ್ಲಿ ತೆರೆದರೆ ಹಳೇ ಕಥೆಯೇ.

2010ರಲ್ಲಿ ಮೈಕ್ರೋಸಾಫ್ಟ್ ಈ ಗ್ರೂಪ್‌ಗಳನ್ನು ಒಂದೊಂದಾಗಿ ಮುಚ್ಚಿ ಎಲ್ಲರನ್ನೂ ವೆಬ್ ಫೋರಂಗಳಿಗೆ ಕಳಿಸಿತು. ಕಾರಣ ಇರಲಿಲ್ಲ ಅಂತಲ್ಲ. ಸ್ಪ್ಯಾಮ್ ಜಾಸ್ತಿಯಾಗಿತ್ತು, ಹೊಸ ಜನ ಬರುತ್ತಿರಲಿಲ್ಲ, ನ್ಯೂಸ್‌ಗ್ರೂಪ್ ಓದುವ ಸಾಫ್ಟ್‌ವೇರ್, ಅಂದರೆ ನ್ಯೂಸ್ ರೀಡರ್, ಏನು ಅಂತಲೇ ಹೊಸಬರಿಗೆ ಗೊತ್ತಿರಲಿಲ್ಲ. ಇಮೇಲ್ ಕದಿಯುವವರ ಕಾಟಕ್ಕೆ ಉತ್ತರ ಕೊಡುವವರು ತಮ್ಮ ವಿಳಾಸದ ಮಧ್ಯೆ ನೋಸ್ಪ್ಯಾಮ್ ಅಂತ ಸೇರಿಸಿಕೊಂಡು ಓಡಾಡುತ್ತಿದ್ದರು.

ಕೇಳುವವರಿಗೆ ಫೋರಂ ಸುಲಭ, ಇದನ್ನು ಒಪ್ಪಲೇಬೇಕು. ಲಾಗಿನ್ ಆದರೆ ಸಾಕು, ಸ್ಕ್ರೀನ್‌ಶಾಟ್ ಹಾಕಬಹುದು, ಮೊಬೈಲಿನಿಂದ ಬಸ್ಸಿನಲ್ಲೇ ಕೇಳಬಹುದು. ಪೆಟ್ಟು ಬಿದ್ದಿದ್ದು ಉತ್ತರ ಕೊಡುವವರಿಗೆ. ದಿನಕ್ಕೆ ಹತ್ತಾರು ಪ್ರಶ್ನೆ ನೋಡುವ ಮನುಷ್ಯನಿಗೆ ನ್ಯೂಸ್ ರೀಡರ್‌ನಲ್ಲಿ ಒಂದು ಕೀ ಒತ್ತಿದರೆ ಮುಂದಿನ ಓದದ ಮೆಸೇಜ್ ಎದುರಿಗೆ ಬರುತ್ತಿತ್ತು. ತಲೆತಿನ್ನುವವರನ್ನು ಕಾಣದ ಹಾಗೆ ಮಾಡುವ ಪಟ್ಟಿ ಇತ್ತು. ಯಾರು ಯಾರಿಗೆ ಉತ್ತರಿಸಿದ್ದಾರೆ ಅನ್ನುವುದು ಮರದ ಕೊಂಬೆಗಳ ಹಾಗೆ ಕಾಣುತ್ತಿತ್ತು. ಫೋರಂಗೆ ಬಂದ ಮೇಲೆ ಪ್ರತಿ ಪ್ರಶ್ನೆಗೂ ಒಂದು ಪುಟ ತೆರೆಯಬೇಕು, ಕಾಯಬೇಕು, ಹಿಂದೆ ಹೋಗಬೇಕು. ದರ್ಶಿನಿಯಲ್ಲಿ ಒಂದೊಂದು ಇಡ್ಲಿಗೂ ಮತ್ತೆ ಕ್ಯೂ ನಿಂತು ಟೋಕನ್ ತಗೊಂಡ ಹಾಗೆ. ಹಳಬರ ಗಲಾಟೆ ಜೋರಾಗಿದ್ದಕ್ಕೆ ನ್ಯೂಸ್ ರೀಡರ್‌ನಿಂದಲೇ ಫೋರಂ ಓದಲು ಒಂದು ಬ್ರಿಡ್ಜ್ ಸಾಫ್ಟ್‌ವೇರ್ ಕೂಡ ಕೊಟ್ಟಿದ್ದರು. ಆದರೂ ಅಲ್ಲಿ ದಿನಾ ಕಾಣುತ್ತಿದ್ದ ಎಷ್ಟೋ ಹೆಸರು ಫೋರಂನಲ್ಲಿ ನನಗೆ ಕಾಣಲೇ ಇಲ್ಲ.

ಇನ್ನೊಂದು ಬದಲಾವಣೆ, ಉತ್ತರಕ್ಕೆ ಹಸಿರು ಟಿಕ್ ಹಾಕುವುದು. ಚೆನ್ನಾಗೇ ಇದೆ, ಅವಸರದಲ್ಲಿರುವವರಿಗೆ ಸಮಯ ಉಳಿಯುತ್ತದೆ. ಆದರೆ ಟಿಕ್ ಬಿದ್ದ ಮೇಲೆ ಆ ಮೂರನೆಯ ಕಾಲೆಳೆಯುವವರು ಬರುವುದು ಕಮ್ಮಿ. ಕೆಲವು ಫೋರಂಗಳಲ್ಲಂತೂ ಪ್ರಶ್ನೆ ಓದದೇ ಒಂದೇ ಅಚ್ಚಿನ ಉತ್ತರ: ಆಫೀಸ್ ರಿಪೇರಿ ಮಾಡಿ, ಸೇಫ್ ಮೋಡ್‌ನಲ್ಲಿ ತೆರೆಯಿರಿ, ಸಿಸ್ಟಂ ಫೈಲ್ ಚೆಕ್ ಮಾಡುವ ಕಮಾಂಡ್ ಓಡಿಸಿ. ನಾನು ಕೇಳಿದ್ದು ದಿನಾಂಕದ ಫಾರ್ಮ್ಯಾಟ್ ಬಗ್ಗೆ ಮಾರಾಯ್ರೇ! ಈಚೆಗೆ ಎಐನಿಂದ ಕಾಪಿ ಮಾಡಿ ಹಾಕುವವರೂ ಸೇರಿಕೊಂಡಿದ್ದಾರೆ, ಇಲ್ಲದ ಫಂಕ್ಷನ್ ಹೆಸರು ಹೇಳುತ್ತಾರೆ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದವರು 2022ರ ಡಿಸೆಂಬರ್‌ನಲ್ಲೇ ಇಂಥ ಉತ್ತರ ಬೇಡ ಅಂದುಬಿಟ್ಟರು, ಒಳ್ಳೆಯದೇ ಮಾಡಿದರು.

ಹಾಗಾದರೆ ಈಗ ಎಲ್ಲಿ ಕೇಳುವುದು? ನನ್ನ ಆಯ್ಕೆ ಮಿಸ್ಟರ್ ಎಕ್ಸೆಲ್ ಫೋರಂ. ಹಳೇ ನ್ಯೂಸ್‌ಗ್ರೂಪಿನ ವಾಸನೆ ಇನ್ನೂ ಉಳಿದಿರುವ ಜಾಗ. ಶೀಟಿನ ತುಂಡನ್ನು ಹಾಗೇ ಪೋಸ್ಟ್‌ಗೆ ಅಂಟಿಸಲು ಅವರದೇ ಒಂದು ಆಡ್‌ಇನ್ ಇದೆ, ಉತ್ತರ ಕೊಡುವವರು ಡೇಟಾ ಮತ್ತೆ ಟೈಪ್ ಮಾಡಬೇಕಿಲ್ಲ. ರೆಡಿಟ್‌ನ ಎಕ್ಸೆಲ್ ವಿಭಾಗವೂ ಚುರುಕು, ಸಮಸ್ಯೆ ಬಗೆಹರಿದ ಮೇಲೆ ಇಂಗ್ಲಿಷ್‌ನಲ್ಲಿ ಸಲ್ಯೂಷನ್ ವೆರಿಫೈಡ್ ಅಂತ ಬರೆದರೆ ಉತ್ತರಿಸಿದವರಿಗೆ ಒಂದು ಪಾಯಿಂಟ್ ಹೋಗುತ್ತದೆ, ದಯವಿಟ್ಟು ಬರೆಯಿರಿ. ವಾಟ್ಸ್‌ಆಪ್ ಗ್ರೂಪ್‌ಗಳಿಗೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಉತ್ತರ ಬರುತ್ತದೆ ನಿಜ, ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಹೂತುಹೋಗುತ್ತದೆ, ಮುಂದಿನ ತಿಂಗಳು ಇನ್ನೊಬ್ಬರು ಅದನ್ನೇ ಕೇಳುತ್ತಾರೆ.

ಹಳೇ ನ್ಯೂಸ್‌ಗ್ರೂಪ್ ಉತ್ತರಗಳೂ ಪೂರ್ತಿ ಹೋಗಿಲ್ಲ. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ನ ಹೊಸ ಮೆಸೇಜ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದರೂ ಹಳೆಯದನ್ನು ಇಟ್ಟುಕೊಂಡಿದೆ. ಆ ರಾತ್ರಿಯ ಎನ್‌ಎ ಸಮಸ್ಯೆಗೆ ಮದ್ದು ಅಲ್ಲೇ ಇದೆ: ವೆಬ್ ಪುಟದಿಂದ ಕಾಪಿ ಮಾಡಿದ ಬಿಲ್ ನಂಬರಿನ ಹಿಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಅಂಟಿಕೊಂಡಿರುತ್ತದೆ, ಅದರ ಕೋಡ್ 160. ಹೆಚ್ಚಿನ ಸ್ಪೇಸ್ ತೆಗೆಯುವ ಟ್ರಿಮ್ ಫಂಕ್ಷನ್ ಅದನ್ನು ಮುಟ್ಟುವುದಿಲ್ಲ, ಸಬ್‌ಸ್ಟಿಟ್ಯೂಟ್ ಫಂಕ್ಷನ್ ಹಾಕಿ ತೆಗೆಯಬೇಕು.

ಕೇಳುವಾಗ ಯಾವ ವರ್ಷದ ಎಕ್ಸೆಲ್ ಅಂತ ಮೊದಲೇ ಬರೆಯಿರಿ. ಐದಾರು ಸಾಲಿನ ಮಾದರಿ ಸಾಕು. ಫೈಲ್ ಹಾಕುವ ಮುಂಚೆ ಪಾರ್ಟಿ ಹೆಸರು, ಜಿಎಸ್‌ಟಿ ನಂಬರ್, ಕೆಲಸಗಾರರ ಬ್ಯಾಂಕ್ ಖಾತೆ ಎಲ್ಲ ಅಳಿಸಿ, ಪಕ್ಕದ ಶೀಟಿನಲ್ಲಿ ಅಡಗಿಸಿಟ್ಟ ಕಾಲಂಗಳನ್ನೂ ಬಿಡಬೇಡಿ.