ಫ್ಲೂ ಲಸಿಕೆ: ಚುಚ್ಚುಮದ್ದೋ, ಮೂಗಿನ ಸ್ಪ್ರೇಯೋ?

ಸೂಜಿ ಕಂಡರೆ ಮಗು ರಂಪ ಮಾಡುತ್ತದೆ, ಸ್ಪ್ರೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಕು, ಆದರೆ ಎಲ್ಲರಿಗೂ ಅಲ್ಲ.

ಚುಚ್ಚುಮದ್ದಿನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್ ಅಥವಾ ಅದರ ಹೊರಮೈಯ ಪ್ರೋಟೀನ್. ಅದರಿಂದ ಫ್ಲೂ ಬರುವ ಮಾತೇ ಇಲ್ಲ. ತೋಳು ನೋಯಬಹುದು, ಸಣ್ಣಗೆ ಮೈ ಬಿಸಿಯಾಗಬಹುದು. 6 ತಿಂಗಳು ತುಂಬಿದ ಕೂಸಿನಿಂದ ಹಿಡಿದು ಗರ್ಭಿಣಿಯರು, ವಯಸ್ಸಾದವರವರೆಗೆ ಕೊಡುತ್ತಾರೆ.

ಸ್ಪ್ರೇಯಲ್ಲಿರುವುದು ಜೀವಂತ ವೈರಸ್ಸೇ, ಬಲ ಕುಂದಿಸಿದ್ದು. ಒಂದೊಂದು ಹೊಳ್ಳೆಗೆ 0.1 ಮಿ.ಲೀ. ಸ್ವಾರಸ್ಯ ಇರುವುದು ಇಲ್ಲಿ: ಅದನ್ನು ತಂಪಿಗೆ ಒಗ್ಗಿಸಿ ಬೆಳೆಸಿರುತ್ತಾರೆ. ಮೂಗಿನ ತಂಪಿನಲ್ಲಿ ಒಂದಿಷ್ಟು ಹೆಚ್ಚುತ್ತದೆ, ಶ್ವಾಸಕೋಶದ ಬಿಸಿಯಲ್ಲಿ ಸರಿಯಾಗಿ ಬೆಳೆಯಲಾರದು. ಹಾಗಾಗಿ ನಿಜವಾದ ವೈರಸ್ ನುಗ್ಗುವ ಜಾಗದಲ್ಲೇ, ಮೂಗಿನ ಒಳಪೊರೆಯಲ್ಲೇ, ಪ್ರತಿಕಾಯಗಳು ಕಾವಲಿಗೆ ನಿಲ್ಲುತ್ತವೆ. ಜೀವಂತವಾದ್ದರಿಂದ ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಇದು ಬೇಡ. 2 ವರ್ಷದೊಳಗಿನ ಮಕ್ಕಳಿಗೂ ಇಲ್ಲ, ಉಬ್ಬಸದ ಭಯ.

ಯಾವುದನ್ನೇ ತೆಗೆದುಕೊಂಡರೂ ರಕ್ಷಣೆ ಮೂಡಲು ಸುಮಾರು 2 ವಾರ ಬೇಕು. ವೈರಸ್ ವೇಷ ಬದಲಿಸುತ್ತಲೇ ಇರುವುದರಿಂದ ವರ್ಷವರ್ಷವೂ ಹಾಕಿಸಬೇಕು.

ನನ್ನನ್ನು ಕೇಳಿದರೆ, ಸೂಜಿಗೆ ಹೆದರುವ ಆರೋಗ್ಯವಂತ ಶಾಲಾಮಗುವಿಗೆ ಸ್ಪ್ರೇ, ಮನೆಯ ಉಳಿದವರಿಗೆ ಚುಚ್ಚುಮದ್ದು. ಆ ದಿನ ಮಗುವಿನ ಮೂಗು ಪೂರ್ತಿ ಕಟ್ಟಿದ್ದರೆ ಸ್ಪ್ರೇ ಒಳಗೆ ತಲುಪುವುದೇ ಅನುಮಾನ, ಸ್ವಲ್ಪ ದಿನ ಮುಂದೂಡಿ.