ನೆಲಮಾಳಿಗೆಯಲ್ಲಿ ತೀರಿಸಿಕೊಂಡ ಸೇಡು: ಪೋ ಬರೆದ ‘ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ’

ಎಡ್ಗರ್ ಅಲನ್ ಪೋ 1846ರ ನವೆಂಬರಿನಲ್ಲಿ ಅಮೆರಿಕದ ಒಂದು ಮಾಸಪತ್ರಿಕೆಯಲ್ಲಿ ಪ್ರಕಟಿಸಿದ ಈ ಕಥೆಯನ್ನು ಕೂತಲ್ಲೇ ಓದಿ ಮುಗಿಸಬಹುದು. ಮೊಂಟ್ರೆಸರ್ ಎಂಬ ಕುಲೀನನು ತನ್ನನ್ನು ಅವಮಾನಿಸಿದ ಫಾರ್ಚುನಾಟೊನಿಗೆ ಅಮೊಂಟಿಲಾಡೊ ಎಂಬ ಅಪರೂಪದ ಮದ್ಯದ ಆಸೆ ಹಚ್ಚಿ, ಮನೆಯಡಿಯ ನೆಲಮಾಳಿಗೆಗೆ ಕರೆದೊಯ್ದು, ಗೋಡೆ ಕಟ್ಟಿ ಜೀವಂತವಾಗಿ ಮುಚ್ಚಿಬಿಡುತ್ತಾನೆ. ಇಷ್ಟನ್ನು ಮೊದಲೇ ತಿಳಿದು ಓದಿದರೂ ಸ್ವಾರಸ್ಯ ಕೆಡುವುದಿಲ್ಲ; ಎಂಥವನು, ಎಂಥ ದನಿಯಲ್ಲಿ ಇದನ್ನು ಹೇಳುತ್ತಿದ್ದಾನೆ ಎಂಬುದರಲ್ಲೇ ಕಥೆಯ ಬಿಗಿಯೆಲ್ಲ ಇದೆ.

ಕಥೆ ಹೇಳುವವನು ಮೊಂಟ್ರೆಸರನೇ. ಸೇಡಿಗೆ ಅವನು ಆರಂಭದಲ್ಲೇ ಎರಡು ಷರತ್ತು ವಿಧಿಸಿಕೊಳ್ಳುತ್ತಾನೆ. ಸೇಡು ತೀರಿಸಿಕೊಂಡವನು ದಂಡನೆಗೆ ಸಿಕ್ಕಬಾರದು. ತನ್ನ ಮೇಲೆ ಸೇಡು ತೀರುತ್ತಿದೆ ಎಂಬುದು ತಪ್ಪು ಮಾಡಿದವನಿಗೆ ಮನದಟ್ಟಾಗಬೇಕು. ಮೊದಲನೆಯದನ್ನು ಪೋ ಸಂಪೂರ್ಣವಾಗಿ ಸ್ಥಳದ ಕೈಗೆ ಒಪ್ಪಿಸಿದ್ದಾನೆ. ಇಟಲಿಯ ನಗರವೊಂದರಲ್ಲಿ ಕಾರ್ನಿವಲ್ ಹಬ್ಬದ ಸಂಜೆ. ಮುಖವಾಡ ತೊಟ್ಟವನನ್ನು ಯಾರೂ ಅನುಮಾನಿಸುವುದಿಲ್ಲ. ಬೆಳಗಿನವರೆಗೆ ಬರುವುದಿಲ್ಲ, ನೀವು ಕದಲಬೇಡಿ ಎಂದು ಯಜಮಾನ ಹೇಳಿದ್ದೇ ತಡ, ಆಳುಗಳೆಲ್ಲ ಹಬ್ಬಕ್ಕೆ ಓಡಿದ್ದಾರೆ, ಅದೂ ಅವನ ಲೆಕ್ಕಾಚಾರವೇ. ಕೆಳಗೆ ಇಳಿದಂತೆ ಗೋಡೆಗಳ ಮೇಲೆ ಬೆಳ್ಳಗೆ ಹರಡಿದ ಸಾಲ್ಟ್‌ಪೀಟರ್ ಎಂಬ ಉಪ್ಪು, ಫಾರ್ಚುನಾಟೊನ ನಿಲ್ಲದ ಕೆಮ್ಮು, ಹಬ್ಬಕ್ಕೆಂದು ಅವನು ತೊಟ್ಟ ವಿದೂಷಕನ ಟೊಪ್ಪಿಗೆಯ ಗೆಜ್ಜೆಗಳ ಸದ್ದು, ಮೊಂಟ್ರೆಸರ್ ವಂಶದವರ ಎಲುಬುಗಳ ರಾಶಿ. ನಿನ್ನ ಆರೋಗ್ಯಕ್ಕೆ ಕೇಡು, ಹಿಂದಿರುಗೋಣ ಎಂದು ಕೊಲೆಗಾರನೇ ಮತ್ತೆ ಮತ್ತೆ ಒತ್ತಾಯಿಸುತ್ತಾನೆ. ಮದ್ಯದ ಪರೀಕ್ಷೆಯಲ್ಲಿ ಲುಕ್ರೇಸಿ ಎಂಬ ಇನ್ನೊಬ್ಬ ಪರಿಣತ ತನಗಿಂತ ಮಿಗಿಲೆನಿಸಿಕೊಳ್ಳಬಾರದೆಂಬ ಅಹಂಕಾರಕ್ಕೆ ಬಲಿಯೇ ಮುಂದೆ ಮುಂದೆ ನಡೆಯುತ್ತಾನೆ.

ಆದರೆ ಮೊದಲ ಷರತ್ತನ್ನು ಕಾಯುವ ಆ ಕತ್ತಲೇ ಎರಡನೆಯದನ್ನು ಕೆಡಿಸುತ್ತದೆ ಎಂಬುದು ನನ್ನ ಓದು. ನಮ್ಮ ಭೀಮ ತುಂಬಿದ ಸಭೆಯಲ್ಲಿ ಪ್ರತಿಜ್ಞೆ ಮಾಡಿ ಎಲ್ಲರ ಕಣ್ಣೆದುರೇ ಅದನ್ನು ತೀರಿಸಿಕೊಂಡವನು. ಏಕೆ ಹೊಡೆದ ಎಂದು ಯಾರೂ ಕೇಳಬೇಕಿರಲಿಲ್ಲ. ಇಲ್ಲಿ ಸಾಕ್ಷಿಯೂ ಇಲ್ಲ, ಆರೋಪವೂ ಇಲ್ಲ. ಸಂಕೋಲೆ ಬಿದ್ದ ಮೇಲೂ ಫಾರ್ಚುನಾಟೊ ಇದೊಂದು ಒಳ್ಳೆಯ ತಮಾಷೆ ಎಂದು ನಗಲು ನೋಡುತ್ತಾನೆ, ಮೊಂಟ್ರೆಸರ್ ಕಾರಣವನ್ನು ಒಮ್ಮೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಸಾವಿರ ನೋವು ಸಹಿಸಿದೆನೆಂದು ನಮಗೆ ಹೇಳುವವನು ಅವುಗಳಲ್ಲಿ ಒಂದನ್ನೂ ಹೆಸರಿಸುವುದಿಲ್ಲ.

ನಿರೂಪಣೆ ಇನ್ನೂ ಸೂಕ್ಷ್ಮವಾದುದು. ತನ್ನ ಆತ್ಮದ ಸ್ವಭಾವವನ್ನು ಬಲ್ಲವರಾರನ್ನೋ ಉದ್ದೇಶಿಸಿ, ಅರ್ಧ ಶತಮಾನದ ನಂತರ ಅವನು ಮಾತಾಡುತ್ತಿದ್ದಾನೆ. ಆದರೂ ಗೋಡೆಯ ಸಾಲುಗಳ ಲೆಕ್ಕ ತಪ್ಪಿಲ್ಲ. ನಾಲ್ಕನೆಯ ಸಾಲು ಮುಗಿದಾಗ ಸರಪಳಿ ಅಲುಗುವ ಸದ್ದನ್ನು ನೆಮ್ಮದಿಯಿಂದ ಕೇಳಲು ಅವನು ಕೆಲಸ ನಿಲ್ಲಿಸಿ ಎಲುಬುಗಳ ಮೇಲೆ ಕುಳಿತುಕೊಳ್ಳುತ್ತಾನೆ. ಹನ್ನೊಂದನೆಯ ಸಾಲಿನ ಹೊತ್ತಿಗೆ ಒಳಗಿನಿಂದ ಗೆಜ್ಜೆಯ ಸದ್ದಷ್ಟೇ ಉತ್ತರವಾಗಿ ಬಂದಾಗ ಅವನ ಎದೆ ಕುಗ್ಗುತ್ತದೆ, ಅದಕ್ಕೆ ನೆಲಮಾಳಿಗೆಯ ತೇವವೇ ಕಾರಣ ಎಂದು ಅವನೇ ಸಮಜಾಯಿಷಿ ಕೊಡುತ್ತಾನೆ. ಯಾರೂ ಕೇಳದ ಸಮಜಾಯಿಷಿ. ಕಥೆಯುದ್ದಕ್ಕೂ ಹಿನ್ನೆಲೆಯಾಗಿದ್ದ ತೇವ ಇಲ್ಲಿ ನಿರೂಪಕ ಅಡಗಿಕೊಳ್ಳುವ ಪರದೆಯಾಗುತ್ತದೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ವಾಕ್ಯ ಇದು.

ಕೊರತೆಗಳಿಲ್ಲವೆಂದಲ್ಲ. ಕಚ್ಚುತ್ತಿರುವ ಹಾವನ್ನು ತುಳಿಯುವ ಪಾದದ ವಂಶಲಾಂಛನ, ನಡುದಾರಿಯಲ್ಲಿ ನಿಲುವಂಗಿಯ ಮಡಿಕೆಯಿಂದ ಹೊರತೆಗೆಯುವ ಕರಣೆ, ಇವೆರಡೂ ಮುಂದಾಗುವುದನ್ನು ತುಸು ಗಟ್ಟಿಯಾಗಿಯೇ ಸಾರುತ್ತವೆ. ಭೂತಪ್ರೇತಗಳನ್ನು ಬಯಸಿ ಬರುವವರಿಗೆ ನಿರಾಸೆಯಾದೀತು. ಹೊಸ ಓದುಗರು ಪೋನ ಕಥೆಗಳನ್ನು ಇಲ್ಲಿಂದಲೇ ಆರಂಭಿಸಲಿ ಎಂಬುದು ನನ್ನ ಸಲಹೆ.